ನನ್ನ ಹೆಸರಿನ ಗುಳಿಗೆ

ಮೊದಲು ನಾನು ಜಂಪರಿನ ಹುಕ್ಕಿನ ಮೇಲೆ ಅನುಮಾನ ಪಟ್ಟೆ.

ಮಾನ್ವಿಯ ಸರಕಾರಿ ಶಾಲೆಯಲ್ಲಿ ಒಂದನೇ ತರಗತಿಯ ಮಕ್ಕಳ ನಡುವೆ ಚಾಪೆಯ ಮೇಲೆ ಕೂತಿದ್ದೆ. ಎಡ ಪಕ್ಕೆಯಲ್ಲಿ ಏನೋ ಚುರುಕ್ ಎಂದಿತು. ಸೆರಗಿನೊಳಗೆ ಕೈ ಹಾಕಿ ನೋಡಿದರೆ ಹುಕ್ಕು ನೆಟ್ಟಗಿತ್ತು. ಸಂಜೆಯ ಹೊತ್ತಿಗೆ ಬೆನ್ನಿನಿಂದ ಎದೆಯ ಕೆಳಗಿನವರೆಗೆ ಒಂದು ಪಟ್ಟಿ ಉರಿಯತೊಡಗಿತು, ಬಿಸಿ ಹಂಚು ತಾಗಿದ ಹಾಗೆ. ಎರಡು ದಿನ ಬಿಟ್ಟು ಅದೇ ಪಟ್ಟಿಯಲ್ಲಿ ಗುಳ್ಳೆ ಎದ್ದವು.

ಸರ್ಪಸುತ್ತು.

ಈಗ ಇಷ್ಟು ಸಲೀಸಾಗಿ ಬರೆಯುತ್ತಿದ್ದೇನಲ್ಲ, ಆಗ ಆ ಹೆಸರನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಗಂಡ ನನ್ನನ್ನು ದೇವದುರ್ಗದ ದೊಡ್ಡ ಮನೆಗೆ ಕರೆದೊಯ್ದರು. ಅಲ್ಲಿ ನಮ್ಮ ಅತ್ತೆ, ಭಾವ, ಭಾವನ ಹೆಂಡತಿ ಶರಣಮ್ಮ ಇರುತ್ತಾರೆ. ಅತ್ತೆ ಜಾಲಹಳ್ಳಿಯಿಂದ ಒಬ್ಬ ಮುದುಕನನ್ನು ಕರೆಸಿ ಗುಳ್ಳೆಗಳ ಸುತ್ತ ಕೆಮ್ಮಣ್ಣಿನಲ್ಲಿ ಹಾವು ಬರೆಸಿದರು. ಹಾವಿನ ಹೆಡೆಯೂ ಬಾಲವೂ ಕೂಡಿದರೆ ಜೀವ ಹೋಗುತ್ತದೆಂದು ನಮ್ಮ ಕಡೆಯ ನಂಬಿಕೆ. ಅವೆರಡೂ ಕೂಡದಂತೆ ಆತ ನಡುವೆ ಗೆರೆ ಎಳೆದ. ಮೇಲಿನ ತರಗತಿಗೆ ವಿಜ್ಞಾನವನ್ನೂ ಹೇಳುವ ನಾನು ಸೆರಗು ಸರಿಸಿ ಸುಮ್ಮನೆ ಕೂತಿದ್ದೆ. ಉರಿ ಆರಿದರೆ ಸಾಕಾಗಿತ್ತು, ಯಾರು ಆರಿಸಿದರೇನು.

ಮುದುಕ ಹೋದ ಮೇಲೆ ಅತ್ತೆ ಬಾಗಿಲು ಮುಂದೆ ಮಾಡಿ ಹೇಳಿದರು: "ಯಾರಾರ ಕೇಳಿದ್ರ ಬೆನ್ನು ನೋವು ಅನ್ನು. ಮನ್ಯಾಗ ಕೊಡೋ ಹುಡುಗಿ ಅದಾಳ. ನಾಗದೋಷದ ಮನಿ ಅಂದ್ರ ಯಾರು ಬರ್ತಾರ?"

ಕೊಡೋ ಹುಡುಗಿ ಅಂದರೆ ನನ್ನ ಮಗಳು. ನಾನು ಹೂಂ ಅಂದೆ. ಆ ಒಂದು ಹೂಂ ಮುಂದೆ ನನ್ನನ್ನು ಎಷ್ಟು ಕಾಡುತ್ತದೆಂದು ಗೊತ್ತಿದ್ದರೆ ಅಲ್ಲೇ ಅತ್ತೆಯ ಜೊತೆ ಜಗಳಕ್ಕೆ ಬೀಳುತ್ತಿದ್ದೆ.

ಹುಣ್ಣು ಒಣಗಿತು. ಹಕ್ಕಳೆ ಉದುರಿತು. ಕಲೆಯೂ ಮಾಸುತ್ತ ಬಂತು. ಉರಿ ಮಾತ್ರ ಹೋಗಲಿಲ್ಲ. ಸೆರಗು ತಾಗಿದರೆ ಜೀವ ಬಾಯಿಗೆ ಬರುತ್ತಿತ್ತು. ಫ್ಯಾನಿನ ಗಾಳಿ ತಾಗಿದರೂ ಅಷ್ಟೇ. ವಿಚಿತ್ರವೆಂದರೆ ಗಟ್ಟಿಯಾಗಿ ಒತ್ತಿ ಹಿಡಿದರೆ ತಡೆದುಕೊಳ್ಳಬಹುದು, ಹಗುರವಾಗಿ ಏನಾದರೂ ಸವರಿದರೆ ಆಗುವುದಿಲ್ಲ. ಇದನ್ನು ಯಾರಿಗಾದರೂ ಹೇಳಿದರೆ ನನ್ನ ತಲೆಯ ಬಗ್ಗೆಯೇ ಅನುಮಾನದಿಂದ ನೋಡುತ್ತಿದ್ದರು. ಒಂದನೇ ತರಗತಿಯ ಮಕ್ಕಳೋ, ಟೀಚರ್ ಅಂದರೆ ಒರಗುವ ಗೋಡೆ. ಓಡಿಬಂದು ಮೈಮೇಲೆ ಬೀಳುತ್ತವೆ. ಒಂದು ದಿನ ಹಾಗೆ ಬಂದು ತಬ್ಬಿದ ಪುಟ್ಟ ಹುಡುಗಿಯೊಬ್ಬಳನ್ನು ದೂಡಿಬಿಟ್ಟೆ. ಅದು ಅಳಲಿಲ್ಲ, ದೂರ ನಿಂತು ನನ್ನನ್ನೇ ನೋಡಿತು. ಮರುದಿನದಿಂದ ರಜೆ ಹಾಕಿದೆ.

ರಾಯಚೂರಿನ ಡಾಕ್ಟರು ಎಲ್ಲ ಕೇಳಿ ನಿಟ್ಟುಸಿರು ಬಿಟ್ಟರು. ಗುಳ್ಳೆ ಎದ್ದ ಕೂಡಲೇ ಬಂದಿದ್ದರೆ ಒಳ್ಳೆಯದಿತ್ತು, ಈಗ ವೈರಸ್ಸು ಹೋಗಿದೆ, ಆದರೆ ನರವನ್ನು ಸುಟ್ಟು ಹೋಗಿದೆ ಅಂದರು. ಎಷ್ಟು ದಿನ ಇರುತ್ತದೆ ಎಂದು ಕೇಳಿದೆ. ಕೆಲವರಿಗೆ ತಿಂಗಳಲ್ಲಿ ಹೋಗುತ್ತದೆ, ಕೆಲವರಿಗೆ ವರ್ಷಗಟ್ಟಲೆ ಇರುತ್ತದೆ, ಹೇಳಲಿಕ್ಕೆ ಬರುವುದಿಲ್ಲ ಅಂದರು. ನರದ ಗುಳಿಗೆ ಕೊಟ್ಟು ನೋಡಿದರು, ಸಾಲಲಿಲ್ಲ. ಆಮೇಲೆ ಟ್ರಮಡಾಲ್ ಎಂಬ ಜೋರಿನ ನೋವಿನ ಗುಳಿಗೆ ಬರೆದರು. ಚೀಟಿಯ ತಲೆಯ ಮೇಲೆ ರೋಗದ ಹೆಸರನ್ನು ಪಿ.ಎಚ್.ಎನ್. ಎಂದು ಮೂರೇ ಅಕ್ಷರದಲ್ಲಿ ಗೀಚಿದರು; ಸರ್ಪಸುತ್ತು ಹೋದ ಮೇಲೂ ಉಳಿಯುವ ನರದ ನೋವಿಗೆ ಅವರು ಹಾಗೆ ಬರೆಯುತ್ತಾರಂತೆ. ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಗುಳಿಗೆ ಸಿಕ್ಕಿತು. ಅಂದು ನಿದ್ದೆ ಬಂತು. ಬೆಳಿಗ್ಗೆ ಎದ್ದು ಜಂಪರು ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಉರಿ ಇತ್ತು, ಆದರೆ ಪಕ್ಕದ ಮನೆಯಲ್ಲಿ ಇದ್ದ ಹಾಗಿತ್ತು. ಶಾಲೆಗೆ ಹೋದೆ. ಆ ಹುಡುಗಿಯನ್ನು ಕರೆದು ಬಲಗಡೆ ಕೂರಿಸಿಕೊಂಡೆ.

ಎರಡನೇ ಸಲ ಯಾರೂ ಕೊಡಲಿಲ್ಲ.

ಮಾನ್ವಿಯ ಅಂಗಡಿಯವರು ಚೀಟಿ ನೋಡಿದ ಕೂಡಲೇ ವಾಪಸು ಕೊಟ್ಟರು. ಊರಿನ ಹುಡುಗರು ನಶೆಗೆ ಇದೇ ಗುಳಿಗೆ ನುಂಗುತ್ತಿದ್ದಾರಂತೆ, ಇನ್‌ಸ್ಪೆಕ್ಟರು ಬಂದು ಅಂಗಡಿಯೆಲ್ಲ ಜಾಲಾಡಿದರಂತೆ, ಅಂದಿನಿಂದ ಇಡುವುದನ್ನೇ ಬಿಟ್ಟರಂತೆ. ರಾಯಚೂರಿಗೆ ಹೋದೆ. ಈ ಚೀಟಿಯ ಮೇಲೆ ಒಮ್ಮೆ ಸೀಲು ಬಿದ್ದಿದೆ, ಹೊಸದು ಬರೆಸಿಕೊಂಡು ಬನ್ನಿ ಅಂದರು ಆಸ್ಪತ್ರೆ ಎದುರಿನ ಅಂಗಡಿಯವರು. ಹೊಸದು ಬರೆಸಿಕೊಂಡು ಬರುವಷ್ಟರಲ್ಲಿ ಅವರ ಸ್ಟಾಕು ಮುಗಿದಿತ್ತು. ಮತ್ತೆ ರಜೆ ಹಾಕಿ, ಬಸ್ಸಿನಲ್ಲಿ ಎಡ ಪಕ್ಕೆಗೆ ವ್ಯಾನಿಟಿ ಬ್ಯಾಗನ್ನು ಒತ್ತಿ ಹಿಡಿದು ದೇವದುರ್ಗಕ್ಕೆ ಬಂದೆ.

ಅಲ್ಲಿ ಖಾಜಾ ಭಾಯಿಯ ಮೆಡಿಕಲ್ಲಿನಲ್ಲಿ ಗುಳಿಗೆ ಇತ್ತು. ಇದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೇಗೆಂದು ಮುಂದೆ ಹೇಳುತ್ತೇನೆ. ಅವರು ಚೀಟಿ ನೋಡಿದರು, ನನ್ನನ್ನು ನೋಡಿದರು. ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟು ಹೂ ಮುಡಿದಿದ್ದೆ. ತಲೆ ಬಾಚದೆ ಹೊಸ್ತಿಲು ದಾಟಿದವಳಲ್ಲ ನಾನು, ನಮ್ಮವ್ವ ಹಾಗೆ ಬೆಳೆಸಿದ್ದಾಳೆ.

"ಏನು ನೋವ್ರೀ ಟೀಚರ್ರ?"

"ಬೆನ್ನು ನೋವ್ರೀ."

"ಬೆನ್ನು ನೋವಿಗೆ ಇಷ್ಟು ಜೋರಿಂದು ಬ್ಯಾಡ್ರಿ. ಮುಲಾಮು ಕೊಡ್ತೀನಿ, ತಿಕ್ಕಿ ಹಚ್ಚಿಕೋರಿ."

ಗಾಳಿ ತಾಗಿದರೆ ಬೇಯುವ ಚರ್ಮಕ್ಕೆ ಮುಲಾಮು ತಿಕ್ಕಬೇಕಂತೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಂಗಡಿಯಲ್ಲಿ ನಿಂತಿದ್ದ ನಾಲ್ಕು ಮಂದಿ ನನ್ನನ್ನು ನಶೆಯವಳನ್ನು ನೋಡಿದಂತೆ ನೋಡಿದರು. ಮುಲಾಮು ತೆಗೆದುಕೊಂಡೇ ಬಂದೆ. ಮರ್ಯಾದೆ ಉಳಿಸಿಕೊಳ್ಳಬೇಕಲ್ಲ.

ಇನ್ನು ನಮ್ಮ ಶರಣಕ್ಕನ ವಿಷಯ.

ಅವಳು ನನಗಿಂತ ಮೊದಲು ಆ ಮನೆಗೆ ಸೊಸೆಯಾಗಿ ಬಂದವಳು. ಅತ್ತೆಯ ಬಾಯಲ್ಲಿ ಸದಾ ಅವಳದೇ ಜಪ. ಎಣ್ಣೆಗಾಯಿ ಮಾಡಿದರೆ ಶರಣಮ್ಮನೇ ಮಾಡಬೇಕು, ರೊಟ್ಟಿ ಬಡಿದರೆ ಶರಣಮ್ಮನೇ ಬಡಿಯಬೇಕು. ನೌಕರಿ ಮಾಡುವ ಸೊಸೆ ಅಂದರೆ ಹಬ್ಬಕ್ಕೆ ಬಂದು ಹೋಗುವ ಬೀಗಿತ್ತಿ. ಇಷ್ಟು ವರ್ಷ ಈ ಹೊಟ್ಟೆಕಿಚ್ಚನ್ನು ನುಂಗಿಕೊಂಡೇ ಬಂದಿದ್ದೆ. ನನಗೆ ಸರ್ಪಸುತ್ತು ಆಗುವುದಕ್ಕೆ ಮೊದಲೇ ಅವಳಿಗೆ ಗರ್ಭಕೋಶದ ಕ್ಯಾನ್ಸರ್ ಆಗಿತ್ತು. ಆಪರೇಶನ್, ಕೀಮೋ ಎಲ್ಲ ಮುಗಿದು ಆರಾಮಾದಳು ಅಂದುಕೊಳ್ಳುವಾಗ ಸೊಂಟದ ಎಲುಬಿಗೆ ಇಳಿಯಿತು. ಅವಳಿಗೆ ಬರೆದದ್ದೂ ಟ್ರಮಡಾಲ್. ರಜೆಯಲ್ಲಿ ದೇವದುರ್ಗಕ್ಕೆ ಹೋದಾಗಲೆಲ್ಲ ಖಾಜಾ ಭಾಯಿಯ ಅಂಗಡಿಯಿಂದ ಅದನ್ನು ತಂದುಕೊಡುವವಳು ನಾನೇ.

ಅವಳ ಚೀಟಿಯ ಮೇಲೆ ಸಿ.ಎ. ಎಂದು ಎರಡೇ ಅಕ್ಷರ, ಡಾಕ್ಟರುಗಳು ಕ್ಯಾನ್ಸರಿಗೆ ಬರೆಯುವುದು ಹಾಗೆ. ಅವನ್ನು ಓದಿದ ಕೂಡಲೇ ಖಾಜಾ ಭಾಯಿ ಎದ್ದು ನಿಂತು, ಒಳಗಿನಿಂದ ಸ್ಟೂಲು ತಂದು ಹಾಕಿ, ಅಕ್ಕಾರು ಹೆಂಗದಾರ ಎಂದು ಕೇಳಿ, ಗುಳಿಗೆಯ ಪಟ್ಟಿಗಳನ್ನು ಪೊಟ್ಟಣ ಕಟ್ಟಿ ಎರಡೂ ಕೈಯಲ್ಲಿ ಕೊಡುತ್ತಿದ್ದರು. ಮುಲಾಮು ತಂದ ಮರುದಿನವೂ ಹಾಗೆಯೇ ಕೊಟ್ಟರು. ಅದೇ ಅಂಗಡಿ, ಅದೇ ನಾನು, ಅದೇ ಗುಳಿಗೆ. ಪೊಟ್ಟಣ ಹಿಡಿದುಕೊಂಡು ರಸ್ತೆಯಲ್ಲಿ ನಿಂತೆ.

ನನಗೆ ಕ್ಯಾನ್ಸರಿನ ಮೇಲೆ ಹೊಟ್ಟೆಕಿಚ್ಚಾಯಿತು.

ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಅದೇ. ರೋಗದಲ್ಲೂ ಅವಳೇ ನನ್ನನ್ನು ಮೀರಿಸಿದಳು ಅನ್ನಿಸಿತು. ಅವಳ ನೋವಿಗೆ ಊರೆಲ್ಲ ಗೊತ್ತಿರುವ ಹೆಸರಿದೆ, ಸ್ಕ್ಯಾನಿನಲ್ಲಿ ಕಾಣುತ್ತದೆ, ನೆಂಟರು ಹಣ್ಣು ತಂದು ಕಣ್ಣೀರು ಹಾಕುತ್ತಾರೆ. ನನ್ನ ನೋವಿಗೆ ಕಲೆಯೂ ಇಲ್ಲ. ನಮ್ಮ ಅತ್ತೆಯಂತೂ ನನ್ನೆದುರೇ, ನೋವು ಅಂದ್ರ ಶರಣಮ್ಮಂದು ನೋಡ್ರಿ, ಎಷ್ಟು ತಡ್ಕೊಂತಾಳ ಅನ್ನುತ್ತಿದ್ದರು. ಎಡ ಮಗ್ಗುಲಿಗೆ ಮಲಗಿ ಗೊರಕೆ ಹೊಡೆಯುವ ಗಂಡನನ್ನು ಕಂಡರೂ, ಬಿಗಿ ಜಂಪರು ತೊಟ್ಟ ಹೆಡ್ ಮೇಡಮ್ಮರನ್ನು ಕಂಡರೂ ಹೊಟ್ಟೆ ಉರಿಯುತ್ತಿತ್ತು. ಆದರೆ ಶರಣಕ್ಕನ ಮೇಲಿನ ಉರಿಯೇ ಬೇರೆ. ಅವಳಿಗೆ ಸಿಗುವುದು ನನ್ನ ಕೈಯಿಂದಲೇ ಹೋಗುತ್ತಿತ್ತು.

ರಜೆ ಮುಗಿಯುತ್ತ ಬಂದಿತ್ತು. ಗುಳಿಗೆ ಇಲ್ಲದೆ ಆ ಮಕ್ಕಳ ನಡುವೆ ಕೂರುವುದು ನನ್ನಿಂದ ಆಗದ ಮಾತು. ಶಾಲೆ ಬಿಡುವುದೊಂದೇ ದಾರಿ ಅನ್ನುವ ಹಂತಕ್ಕೆ ಬಂದಿದ್ದೆ. ಅವತ್ತು ಮಧ್ಯಾಹ್ನ ಅಕ್ಕನ ಕೋಣೆಯಲ್ಲಿ ಗೋಡೆಯ ಗೂಡಿನೊಳಗಿನ ಅವಳ ಗುಳಿಗೆಯ ಪಟ್ಟಿಯನ್ನು ನೋಡುತ್ತ ನಿಂತಿದ್ದೆನಂತೆ. ನನಗೇ ಅರಿವಿರಲಿಲ್ಲ.

"ಬೇಕಾದ್ರ ತಗೋ ಗಿರಿಜಾ," ಅಂದಳು ಮಲಗಿದಲ್ಲಿಂದಲೇ.

ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ನಿನ್ನ ಪಾಲಿನದು ನನಗೆ ಬೇಡ, ನನ್ನ ಹೆಸರಿನ ಚೀಟಿಗೆ ನನ್ನ ಗುಳಿಗೆ ಸಿಗಬೇಕು ಎಂದು ಕೂಗಾಡಿದೆ. ಸ್ಟೂಲಿನ ಮೇಲೆ, ಹಣ್ಣಿನ ಮೇಲೆ, ಅವಳ ಎರಡು ಅಕ್ಷರಗಳ ಮೇಲೆ ಇದ್ದ ಹೊಟ್ಟೆಕಿಚ್ಚನ್ನೆಲ್ಲ ಒದರಿಬಿಟ್ಟೆ. ಸಾಯುವವಳ ಮುಂದೆ ಏನೆಲ್ಲ ಅಂದುಬಿಟ್ಟೆ.

ಶರಣಕ್ಕ ನಕ್ಕಳು. ನಕ್ಕರೆ ಸೊಂಟ ನೋಯುತ್ತದೆಂದು ಕೈ ಒತ್ತಿ ಹಿಡಿದುಕೊಂಡು ನಕ್ಕಳು. ಆಮೇಲೆ ಕೇಳಿದಳು, ಭಾಯಿಗೆ ಏನು ನೋವು ಅಂತ ಹೇಳಿದಿ? ಬೆನ್ನು ನೋವು ಅಂದೆ. ಅವಳು ಹಣೆ ಚಚ್ಚಿಕೊಂಡಳು.

ಮರುದಿನ ಆಟೋ ತರಿಸಿದಳು. ತಲೆಗೆ ಬಟ್ಟೆ ಕಟ್ಟಿಕೊಂಡು, ನನ್ನ ಬಲಗೈ ಹಿಡಿದು ಅಂಗಡಿಯ ಮೆಟ್ಟಿಲು ಹತ್ತಿದಳು. ಮಂದಿ ಇದ್ದರು. ಖಾಜಾ ಭಾಯಿ ಗಡಬಡಿಸಿ ಸ್ಟೂಲು ಹಾಕಿದರು. ಅವಳು ಕೂರಲಿಲ್ಲ.

"ಬೆನ್ನು ನೋವಲ್ಲ ಭಾಯಿ. ಇಕಿಗೆ ಸರ್ಪಸುತ್ತು ಆಗಿತ್ತು. ಹುಣ್ಣು ಹೋತು, ಉರಿ ಹೋಗಿಲ್ಲ. ನಮ್ಮತ್ತಿ ಹೆಸರು ಹೇಳಬ್ಯಾಡ ಅಂದಾರ, ಇಕಿ ಹೇಳಿಲ್ಲ."

ಅಷ್ಟು ಮಂದಿಯ ನಡುವೆ ನಮ್ಮ ಮನೆಯ ಗುಟ್ಟು ಬಯಲಾಯಿತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಖಾಜಾ ಭಾಯಿ ಕೈಚಾಚಿ ನನ್ನ ಚೀಟಿ ಕೇಳಿದರು, ಈ ಸಲ ಪೂರ್ತಿ ಓದಿದರು.

"ಮೊದ್ಲ ಹೇಳಬಾರದೇನ್ರೀ? ನಮ್ಮ ಮಂದಿ ಇದಕ್ಕ ನಾಗಿನ್ ಅಂತಾರ. ನಮ್ಮ ಅಮ್ಮೀಗೂ ಆಗಿತ್ತು. ಭಾಳ ದಿನ ಹೆಗಲ ಮ್ಯಾಲ ಸೆರಗು ನಿಲ್ಲಿಸಲಿಲ್ಲ ಆಕಿ."

ಚೀಟಿ ಹೇಳುವುದು ಒಂದು, ಪೇಶಂಟ್ ಹೇಳುವುದು ಇನ್ನೊಂದಾದರೆ ತನಗೆ ಹೆದರಿಕೆ, ಒಂದು ತಪ್ಪಾದರೆ ಲೈಸೆನ್ಸು ಹೋಗುತ್ತದೆ ಅಂದರು. ಅಲ್ಲೇ ನಿಂತು ಡಾಕ್ಟರಿಗೆ ಫೋನು ಮಾಡಿದರು. ಪಟ್ಟಿಗಳನ್ನು ಎಣಿಸಿ, ಚೀಟಿಯ ಮೇಲೆ ಸೀಲು ಹೊಡೆದು, ಮುಂದಿನ ಸಲ ಹೊಸ ಚೀಟಿಯಲ್ಲಿ ರೋಗದ ಪೂರ್ತಿ ಹೆಸರು ಬರೆಸಿಕೊಂಡು ಬರಲು ಹೇಳಿದರು. ನನ್ನ ಸಿಟ್ಟು ಪೂರ್ತಿ ಇಳಿಯಲಿಲ್ಲ, ಇಂದಿಗೂ ಇಳಿದಿಲ್ಲ. ಚೀಟಿಯ ಮೇಲೆ ಡಾಕ್ಟರ ಸಹಿ ಮೊದಲೂ ಇತ್ತು. ಅದಕ್ಕೆ ಸಾಕ್ಷಿ ಹೇಳಲು ಕ್ಯಾನ್ಸರಿನವಳೊಬ್ಬಳು ಎದ್ದು ಬರಬೇಕಾಯಿತಲ್ಲ.

ಪೊಟ್ಟಣ ಕಟ್ಟುವವರೆಗೆ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿ, ಶರಣಕ್ಕ ಕೌಂಟರು ಹಿಡಿದು ನಿಂತಿದ್ದಳು. ಇವತ್ತು ನಿನ್ನ ಪಾಳಿ ಅಂದಳು.

ವಾಪಸು ಬರುವಾಗ ಆಟೋದಲ್ಲಿ ಕೇಳಿದಳು, ಈ ಉರಿ ಎಷ್ಟು ದಿನ ಇರ್ತದಂತ? ಗೊತ್ತಿಲ್ಲಂತ ಅಕ್ಕಾ, ವರ್ಷಗಟ್ಟಲೆ ಇರಬಹುದಂತ ಅಂದೆ, ಮುಖ ಸಣ್ಣ ಮಾಡಿಕೊಂಡು.

"ನೀ ನನ್ನ ಗುಳಿಗಿ ಮ್ಯಾಲ ಹೊಟ್ಟಿಕಿಚ್ಚು ಪಟ್ಟಿ," ಅಂದಳು. "ನನಗ ನಿನ್ನ ಆ ವರ್ಷಗಳ ಮ್ಯಾಲ ಆಗಾಕತ್ತದ ನೋಡು."

ನಾನು ವ್ಯಾನಿಟಿ ಬ್ಯಾಗನ್ನು ಅವಳ ಸೊಂಟದ ಹಿಂದೆ ಒತ್ತಾಗಿ ಇಟ್ಟೆ.

ಅತ್ತೆ ಒಂದು ವಾರ ಇಬ್ಬರನ್ನೂ ಮಾತಾಡಿಸಲಿಲ್ಲ. ನಾಗದೋಷ ಕೇಳಿ ಹಿಂದೆ ಸರಿಯುವ ವರ ನನಗೂ ಬೇಡ ಎಂದು ಮಗಳು ನಕ್ಕಳು. ನಾನು ಶಾಲೆಗೆ ಹೋಗುತ್ತಿದ್ದೇನೆ. ಟೀಚರ ಎಡಗಡೆ ಮುಟ್ಟಬಾರದು ಎಂದು ಮಕ್ಕಳು ಹೊಸದಾಗಿ ಸೇರಿದವರಿಗೆ ತಾವೇ ಹೇಳಿಕೊಡುತ್ತವೆ. ಮಾನ್ವಿಯಲ್ಲಿ ಈಗಲೂ ಗುಳಿಗೆ ಸಿಗುವುದಿಲ್ಲ. ತಿಂಗಳಿಗೊಮ್ಮೆ ರಾಯಚೂರಿನಲ್ಲಿ ಚೀಟಿ ಬರೆಸಿ ದೇವದುರ್ಗಕ್ಕೇ ಹೋಗಬೇಕು.

ಹೋದ ತಿಂಗಳು ಖಾಜಾ ಭಾಯಿಗೆ ಇಬ್ಬರ ಚೀಟಿಯನ್ನೂ ಕೊಟ್ಟೆ. ನನ್ನದು ಕೊಟ್ಟರು. ಶರಣಕ್ಕನ ಚೀಟಿಯನ್ನು ಹಿಡಿದುಕೊಂಡು ತಲೆ ತಗ್ಗಿಸಿದರು. ಅವಳಿಗೆ ಈ ಸಲ ಟ್ರಮಡಾಲ್‌ಗಿಂತ ಜೋರಿನ ಮಾರ್ಫಿನ್ ಬರೆದಿದ್ದರು, ಅದನ್ನು ಇಡಲು ಅವರಿಗೆ ಪರವಾನಗಿ ಇಲ್ಲ. ನನ್ನ ಪೊಟ್ಟಣ ಕೈಯಲ್ಲೇ ಇತ್ತು. ಮೊದಲ ಬಾರಿಗೆ ನನಗೆ ಸಿಕ್ಕಿ ಅವಳಿಗೆ ಸಿಕ್ಕಿರಲಿಲ್ಲ. ಖುಷಿಯಾಗಬೇಕಿತ್ತು, ಆಗಲಿಲ್ಲ. ಅಲ್ಲಿಂದ ನೇರ ರಾಯಚೂರಿನ ಬಸ್ಸು ಹತ್ತಿದೆ. ಆಸ್ಪತ್ರೆಯ ಔಷಧ ಕಿಟಕಿಯಲ್ಲಿ ಯಾರಿಗೆ, ಏನು ರೋಗ, ನೀವು ಯಾರು ಎಂದು ಕೇಳಿದರು. ಎಲ್ಲದಕ್ಕೂ ಗಟ್ಟಿಯಾಗಿ, ಪೂರ್ತಿ ಹೆಸರು ಹಿಡಿದು ಉತ್ತರ ಕೊಟ್ಟೆ. ಕೊಟ್ಟರು.

ಮನೆಗೆ ಬಂದಾಗ ಅವಳಿಗೆ ಕಣ್ಣು ತೆರೆಯುವುದೇ ಕಷ್ಟವಾಗಿತ್ತು. ಗುಳಿಗೆ ನುಂಗಿಸಿ ಅವಳ ಪಕ್ಕದಲ್ಲಿ ಕೂತೆ. ಅವಳ ಕೈ ಬಂದು ನನ್ನ ಎಡ ಪಕ್ಕೆಗೆ ತಾಗಿತು. ನಾನು ಸರಿಯಲಿಲ್ಲ.

"ಉರಿ ಹೆಂಗದ?" ಕೇಳಿದಳು.

"ಅದ ಅಕ್ಕಾ. ಹಂಗೇ ಅದ."

"ಇರಲಿ," ಅಂದಳು. "ಭಾಳ ದಿನ ಇರಲಿ."