ಕುರ್ಚಿ ಯಾರಿಗ್ರಿ?

ಪಕ್ಕದ ಮನೆಯವರು ಹೊಸ ಬಾಗಿಲು ಮಾಡಿಸುತ್ತಿದ್ದಾರೆ. ಬೆಳಿಗ್ಗೆ ಬೇವಿನ ಹಲಗೆಯ ಮೇಲೆ ಉಜ್ಜುಗೊರಡು ಆಡತೊಡಗಿತು. ಸುರುಳಿ ಸುರುಳಿ ಸಿಪ್ಪೆ ಗಾಳಿಗೆ ನಮ್ಮ ಜಗಲಿಗೂ ಬಂತು. ಆ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಪೇಪರು ಮಡಚಿಟ್ಟು ಮನಸ್ಸಿನಲ್ಲೇ ರಾಯದುರ್ಗದ ಮೌನೇಶಾಚಾರಿಯ ಮುಂದೆ ಹೋಗಿ ನಿಂತುಬಿಟ್ಟೆ. ಐವತ್ತು ವರ್ಷದ ಹಿಂದೆ ಆ ಬಡಗಿಯ ಮುಂದೆ ಎಷ್ಟು ಗಲಿಬಿಲಿಯಾಗಿತ್ತೋ ಇವತ್ತೂ ಅಷ್ಟೇ ಆಯಿತು.

ಅದು ಮದರಾಸು ಸರ್ಕಾರದ ಕಾಲ. ನಮ್ಮ ಮಡಕಶಿರಾ ಅನಂತಪುರ ಜಿಲ್ಲೆಗೆ ಸೇರಿದ್ದರೆ, ರಾಯದುರ್ಗ ಬಳ್ಳಾರಿ ಜಿಲ್ಲೆಗೆ. ರೊಳ್ಳದ ಹತ್ತಿರ ಕುರಿ ಕಾಯುವವನ ಮಗನಾದ ನಾನು ನಾಲ್ಕಕ್ಷರ ಕಲಿತು ರಾಯದುರ್ಗದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಅಲ್ಲಿನವರು ‘ಬರ್ರಿ, ಕುಂದರ್ರಿ’ ಅನ್ನುವುದನ್ನು ಕೇಳಿ, ನನ್ನನ್ನು ದೊಡ್ಡ ಮನುಷ್ಯನೆಂದು ಎಣಿಸಿದ್ದಾರೆಂದು ಒಂದು ತಿಂಗಳು ಹಿಗ್ಗಿದ್ದೆ. ಆಮೇಲೆ ಗೊತ್ತಾಯಿತು, ಅವರು ಸೊಪ್ಪು ಮಾರುವವಳಿಗೂ ಹಾಗೇ ಅನ್ನುತ್ತಾರೆ.

ಮೌನೇಶಾಚಾರಿಯ ಕೆಲಸದ ಚಪ್ಪರ ಕೋಟೆ ಬೆಟ್ಟದ ಬುಡದಲ್ಲಿತ್ತು. ಮೌನ ಅವನ ಹೆಸರಿನಲ್ಲಷ್ಟೇ ಇತ್ತು.

“ಒಂದು ಕುರ್ಚಿ ಬೇಕಿತ್ತು,” ಅಂದೆ.

“ಯಾರಿಗ್ರಿ?”

“ಮನೆಗೆ.”

“ಮನಿ ಕುರ್ಚಿ ಮ್ಯಾಲೆ ಕೂಡಂಗಿಲ್ಲಲ್ರಿ. ಮನುಷ್ಯಾರು ಕೂಡ್ತಾರ.”

ನನಗೇ ಅಂದುಕೊಳ್ಳಿ ಎಂದೆ. ಅವನು ಗಂಟು ಹಾಕಿದ ಒಂದು ದಾರ ತೆಗೆದು ನನ್ನ ಮೊಣಕಾಲಿನ ಎತ್ತರ ಹಿಡಿದ, ಬೆನ್ನು ಅಳೆದ. ಮುಂದಿನ ವಾರ ಹೋಗಿ, ಕಾಲು ಇನ್ನೊಂದು ಚೂರು ಉದ್ದವಿರಲಿ, ನೋಡಿದರೆ ಗೌರವ ಬರಬೇಕು ಅಂದೆ. ಅದರ ಮುಂದಿನ ವಾರ ಹೋಗಿ, ಬೇಡ, ಗಿಡ್ಡವೇ ಇರಲಿ ಅಂದೆ. ಅವನು ಉಳಿಯನ್ನು ಕೆಳಗಿಟ್ಟ.

“ಹ್ವಾದ ವಾರ ಉದ್ದ ಅಂದ್ರಿ, ಈ ವಾರ ಗಿಡ್ಡ ಅಂತೀರಿ. ವಾರದಾಗ ನಿಮ್ಮ ಮೊಣಕಾಲು ಸಣ್ಣಾಗ್ಯಾವೇನ್ರಿ? ಖರೇ ಹೇಳ್ರಿ. ಕುರ್ಚಿ ಯಾರಿಗೆ?”

ಅವನಿಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಅದಕ್ಕೆ ಎರಡು ತಿಂಗಳ ಹಿಂದೆ ಅಪ್ಪ ನನ್ನನ್ನು ನೋಡಲು ಹೇಳದೆ ಕೇಳದೆ ಕಚೇರಿಗೇ ಬಂದಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ವಲ್ಲಿ ಬಟ್ಟೆಯ ಗಂಟಿನಲ್ಲಿ ಹುರಿದ ಕಡಲೆಕಾಯಿ. ಎದುರಿಗೆ ಮೇಲಧಿಕಾರಿ ಕೂತಿದ್ದರು. ನಾನು ಬರೆಯುತ್ತಿದ್ದವನು ಏಳಲಿಲ್ಲ. ಬೆರಳಿನಲ್ಲೇ ‘ಸ್ವಲ್ಪ ತಾಳು’ ಅಂದೆ. ಗೋಡೆಗೆ ಒಂದು ಬೆಂಚಿತ್ತು, ಖಾಲಿ. ಅಲ್ಲಿ ಕೂತ್ಕೋ ಅನ್ನಬಹುದಿತ್ತು. ಅನ್ನಲಿಲ್ಲ. ಅಪ್ಪ ಊಟದ ಹೊತ್ತಿನವರೆಗೂ ಬಾಗಿಲಲ್ಲೇ ನಿಂತಿದ್ದ. ಆಮೇಲೆ ಕಡಲೆಕಾಯಿ ಕೊಟ್ಟು, ಕುರಿಗಳ ಸುದ್ದಿ ಹೇಳಿ, ಊರಿಗೆ ಹೊರಟುಹೋದ. ನಾನು ಮಾತ್ರ ಅವತ್ತಿನಿಂದ ಆ ಬೆಂಚಿನ ಕಡೆ ನೋಡಲಾರದೆ ಹೋದೆ. ಒಂದು ಕುರ್ಚಿ ಮಾಡಿಸಿಕೊಟ್ಟರೆ ಅದು ಸರಿಹೋಗುತ್ತದೆಂದು ಹೇಗೆ ಅಂದುಕೊಂಡೆನೋ ನನಗೇ ತಿಳಿಯದು.

ಎಲ್ಲ ಕೇಳಿ ಆಚಾರಿ ಆ ಗಂಟಿನ ದಾರವನ್ನು ಮತ್ತೆ ಕೈಗೆತ್ತಿಕೊಂಡ.

“ನಿಮ್ಮಪ್ಪಾರು ಹೆಂಗ ಕೂಡ್ತಾರ್ರಿ? ಕಾಲು ಮಡಚೋ, ಚಾಚೋ?”

ಕಣ್ಣ ಮುಂದೆ ಬರುತ್ತಿದ್ದ ಅಪ್ಪನೆಲ್ಲ ನಿಂತ ಅಪ್ಪನೇ. ಗದ್ದಕ್ಕೆ ಕೋಲು ಆನಿಸಿ, ಒಂದು ಕಾಲು ಇನ್ನೊಂದರ ಮೇಲೆ ಹಾಕಿ, ಕುರಿಗಳ ಮೇಲೆ ಕಣ್ಣಿಟ್ಟು ನಿಂತವನು. ಉಣ್ಣುವಾಗ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದ. ಅದು ಕೂತ ಲೆಕ್ಕವೋ ಅಲ್ಲವೋ ಗೊತ್ತಾಗಲಿಲ್ಲ.

“ಕೂತದ್ದು ನಾನು ನೋಡೇ ಇಲ್ಲ ಅನ್ನಿಸುತ್ತೆ,” ಅಂದೆ.

“ಹಂಗಾದ್ರ ನಿಂತದ್ದೇ ಹೇಳ್ರಿ. ಅದರಾಗ ಅಳತಿ ತಗೀತೀನಿ.”

ನಾನು ಅಲ್ಲಿದ್ದ ಒಂದು ಕೋಲು ಹಿಡಿದು ಅಪ್ಪನ ಹಾಗೆ ನಿಂತು ತೋರಿಸಿದೆ. ಬೆಟ್ಟದ ದಾರಿಯಲ್ಲಿ ಹೋಗುವವರು ನಿಂತು ನೋಡಿ ನಕ್ಕರು. ಆಚಾರಿ ನಗಲಿಲ್ಲ, ಸುತ್ತ ಬಂದು ನೋಡಿದ. ಮುಂದಿನ ತಿಂಗಳು ಬೇವಿನ ಕುರ್ಚಿ ಸಿದ್ಧವಾಯಿತು. ಗಿಡ್ಡ ಕಾಲು, ಅಗಲ ಕೂರುಮಣೆ. ಕುರ್ಚಿಯ ಎರಡೂ ಕೈಗಳ ತುದಿ ಮಾತ್ರ ಕುರಿ ಕಾಯುವ ಕೋಲಿನ ತಲೆಯಂತೆ ಗುಂಡಗೆ. “ಕೋಲು ಹಿಡದ ಕೈ ನೋಡ್ರಿ, ಖಾಲಿ ಇದ್ರ ಮನಸಿಗೆ ಹತ್ತಂಗಿಲ್ಲ,” ಅಂದ.

ಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಇದ್ದಿಲಿನಿಂದ ಓಡುತ್ತಿದ್ದ ಬಸ್ಸುಗಳ ನೆತ್ತಿಯ ಮೇಲೆ ಕುರ್ಚಿ ಕಟ್ಟಿಸಿ, ಎರಡು ದಿನ ಬಸ್ಸು ಬದಲಾಯಿಸುತ್ತ ಊರು ಮುಟ್ಟಿದೆ. ಅಪ್ಪ ಹಟ್ಟಿಯ ಮುಂದೆ ನಿಂತಿದ್ದ. ಕುರ್ಚಿ ಇಳಿಸಿದೆ. ಅವನು ಗುಂಡು ತುದಿಯನ್ನು ಸವರಿ ನೋಡಿ, “ಕುಂತ್ಕ,” ಅಂದ.

“ಇದು ನಿಂಗೆ ಮಾಡ್ಸಿದ್ದಪ್ಪ.”

“ಗೊತ್ತಾತು ಕಣ್ಲಾ. ನೀ ಕುಂತ್ಕ ಮೊದ್ಲು.”

ಗಲಿಬಿಲಿಯಲ್ಲಿ ಕೂತೆ. ಅಪ್ಪ ಕೋಲಿಗೆ ಆತು ಎದುರಿಗೆ ನಿಂತ. ಮತ್ತೆ ನಾನು ಕೂತಿದ್ದೆ, ಅವನು ನಿಂತಿದ್ದ. ಇದನ್ನು ತಪ್ಪಿಸಲಿಕ್ಕೇ ಅಲ್ಲವೇ ಅಷ್ಟು ದೂರದಿಂದ ಹೊತ್ತು ತಂದದ್ದು?

“ಅವತ್ತು ಕಚೇರಿಯಾಗೆ ಹಿಂಗೇ ನೋಡ್ತಾ ನಿಂತಿದ್ದೆ,” ಅಂದ. “ನೀನೆಲ್ಲಿ ಎದ್ದು ಬತ್ತೀಯೋ ಅಂತ ಭಯ ಆಗ್ತಿತ್ತು.”

“ಯಾಕಪ್ಪ?”

“ನೀ ಎದ್ದಿದ್ರೆ, ಆ ಕುರ್ಚಿ ಬೇರೆ ಯಾರ್ದೋ ಅನ್ನಿಸಿರೋದು.”

ಆಮೇಲೆ ಅವನು ಕೂತ. ಅಂಗೈ ಎರಡೂ ಗುಂಡುಗಳ ಮೇಲೆ ತಾವಾಗಿಯೇ ಹೋಗಿ ಕೂತವು. “ಎತ್ರ ಸರಿಗೈತೆ. ಇದನ್ನ ಮಾಡ್ದ ಆಚಾರಿಗೆ ನಾನೆಂಗೆ ಗೊತ್ತು?” ಅಂದ.

ಅಪ್ಪ ನಿಜವಾಗಿ ಹಾಗೆ ಅಂದುಕೊಂಡಿದ್ದನೋ, ಮಗನ ಮುಖ ನೋಡಿ ಸಮಾಧಾನಕ್ಕೆ ಹೇಳಿದನೋ? ಕೇಳುವ ಧೈರ್ಯ ಬರಲಿಲ್ಲ. ಬರುವಷ್ಟರಲ್ಲಿ ಅವನೇ ಇರಲಿಲ್ಲ. ಅವನು ಹೋದ ಮೇಲೆ ಎಷ್ಟೋ ವರ್ಷ ಒಂದು ದಿನ ಹೀಗೆ, ಒಂದು ದಿನ ಹಾಗೆ ಅಂದುಕೊಳ್ಳುತ್ತ ಬಂದೆ.

ಹೋದ ತಿಂಗಳು ನನ್ನ ಮಗಳು ಕನ್ನಡಕ ಮನೆಯಲ್ಲೇ ಮರೆತು ಹೋಗಿದ್ದಳು. ಅವಳು ಮಡಕಶಿರದ ಶಾಲೆಯಲ್ಲಿ ಹೆಡ್ ಮಿಸ್ಟ್ರೆಸ್. ಕೊಟ್ಟು ಬರೋಣವೆಂದು ಹೋದೆ. ಅವಳ ಮೇಜಿನ ಸುತ್ತ ಮಕ್ಕಳ ತಾಯಿ ತಂದೆಯರು ಅರ್ಜಿ ಹಿಡಿದು ನಿಂತಿದ್ದರು. ನನ್ನನ್ನು ಕಂಡು ಏಳಹೋದಳು. ನಾನು ಯೋಚಿಸುವ ಮೊದಲೇ ಕೈ ಮುಂದೆ ಬಂದು ‘ಕೂತ್ಕೋ’ ಅಂದಿತು. ಅವಳು ಕೂತಳು. ನಾನು ಅರ್ಧ ಗಂಟೆ ಬಾಗಿಲಲ್ಲಿ ನಿಂತು ಅವಳನ್ನೇ ನೋಡಿದೆ. ಎದೆ ತುಂಬಿ ಬಂತು. ಕಾಲೂ ಬಹಳ ನೋಯಿತು; ಬೆಂಚು ಎಲ್ಲಾದರೂ ಇದೆಯೇ ಎಂದು ಎರಡು ಸಲ ಹಿಂದೆ ತಿರುಗಿ ನೋಡಿದೆ.

ಅಪ್ಪ ಸುಳ್ಳು ಹೇಳಿರಲಿಲ್ಲ. ಅರ್ಧ ಮಾತ್ರ ಹೇಳಿದ್ದ.