ಅಂಗಳದ ಕೊನೆಯ ಗಾಡಿ
ಆಸ್ಪತ್ರೆಯ ಆಂಬುಲೆನ್ಸುಗಳನ್ನು ಕಳಿಸುವ ಮೇಲ್ವಿಚಾರಕನಿಗೆ ಫೋನು ಬಡಿದುಕೊಂಡರೆ ಒಂದು ದಿಗಿಲು, ಸುಮ್ಮನಿದ್ದರೆ ಇನ್ನೊಂದು. ಯಾರು ಎಷ್ಟೇ ಗೋಗರೆದರೂ, ಪ್ರಾಣಕ್ಕೆ ಕುತ್ತಿಲ್ಲವೆಂದರೆ ಕೊನೆಯ ಗಾಡಿಯನ್ನು ಅಂಗಳದಿಂದ ಕದಲಿಸುವವನಲ್ಲ, “ಮುಂದಿನ ಕರೆ ಇದಕ್ಕಿಂತ ದೊಡ್ಡದಾಗಿದ್ರೆ?” ಎನ್ನುತ್ತ ಉಗುರು ಕಚ್ಚುತ್ತಾನೆ. ಗಾಡಿ ಮರಿ ಹಾಕುತ್ತದೆಂದು ಕಾಯುತ್ತಿದ್ದಾನೆ ಎಂದು ಚಾಲಕರು ನಗುತ್ತಾರೆ. ಮೊನ್ನೆ ಅವನ ತಂಗಿಯೇ ಫೋನು ಮಾಡಿದಳು: “ಅಣ್ಣಾ, ಅಮ್ಮ ಜಾರಿ ಬಿದ್ಲು, ಕಾಲು ಎತ್ತೋಕಾಗ್ತಿಲ್ಲ.” “ಪ್ರಜ್ಞೆ ಇದೆಯಾ?” “ಇದೆ, ನರಳ್ತಿದ್ದಾಳೆ.” “ಹಾಗಾದ್ರೆ ಪಕ್ಕದ ಮನೆಯವರ ಕಾರಲ್ಲಿ ಕರ್ಕೊಂಡು ಬಾ,” ಎಂದು ಫೋನಿಟ್ಟು, ಅಂಗಳದಲ್ಲಿ ಉಳಿದಿದ್ದ ಒಂದೇ ಗಾಡಿಯನ್ನು ನೋಡುತ್ತ ಉಗುರು ಕಚ್ಚಿದ. ಅಂದು ಸಂಜೆಯವರೆಗೂ ಬೇರೆ ಕರೆ ಬರಲಿಲ್ಲ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ಅಮ್ಮ, “ಆ ಗಾಡೀನ ಯಾರಿಗೆ ಅಂತ ಇಟ್ಕೊಂಡಿದ್ಯೋ?” ಎಂದು ಮೆಲ್ಲಗೆ ಕೇಳಿದಳು. “ಯಾರೂ ಬರ್ಲೇ ಇಲ್ಲಮ್ಮಾ,” ಎಂದು ಮಗ ಅತ್ತುಬಿಟ್ಟ.