ನಾನು ಬೋಳಿಸಿದ ರಸ್ತೆ

ಇಪ್ಪತ್ತಾರು ಚಳಿಗಾಲ ನಾನು ಮಾಡಿದ ಕೆಲಸ ಒಂದೇ: ನಮ್ಮ ಕಣಿವೆಯ ರಸ್ತೆಯ ಮೇಲೆ ಬಿದ್ದ ಹಿಮವನ್ನು ಲಾರಿಯಿಂದ ಅಂಚಿಗೆ ತಳ್ಳುವುದು. ನಾರ್ವೆಯವರು ಕಾಲಿಗೆ ಸ್ಕೀ ಕಟ್ಟಿಕೊಂಡೇ ಹುಟ್ಟುತ್ತಾರಂತೆ. ನಾನು ಬರಿಗಾಲಲ್ಲಿ ಹುಟ್ಟಿದವನು. ಸ್ಕೀ ಹಾಕಿಕೊಂಡರೆ ಎಣ್ಣೆ ಚೆಲ್ಲಿದ ನೆಲದ ಮೇಲೆ ಹಸು ನಿಂತ ಹಾಗಿರುತ್ತೇನೆ.

೧೯೯೪ರ ಫೆಬ್ರವರಿಯಲ್ಲಿ ಲಿಲ್ಲೆಹಾಮರ್‌ನ ಚಳಿಗಾಲದ ಕ್ರೀಡಾಕೂಟಕ್ಕೆ ಹೋಗುವ ಜ್ಯೋತಿ ನಮ್ಮೂರಿನ ಮೇಲೆ ಹಾಯುವುದಿತ್ತು. ಹೆಂಡತಿ ಹಾಲ್ದಿಸ್ ನನಗೆ ತಿಳಿಸದೆ ಜ್ಯೋತಿ ಹೊರುವವರ ಪಟ್ಟಿಗೆ ನನ್ನ ಹೆಸರು ಕಳಿಸಿದ್ದಳು. ಕ್ರಿಸ್‌ಮಸ್ಸಿಗೆ ಮುಂಚೆ ಒಂದು ದಿನ ಪತ್ರ ಬೀಸುತ್ತ ಅಡುಗೆಮನೆಗೆ ಬಂದಳು.

"ಸಿಗ್‌ಬ್ಯೋರ್ನ್, ನಿನ್ನನ್ನೇ ಆರಿಸಿದ್ದಾರೆ ಕಣೋ! ಸೇತುವೆಯಿಂದ ಚರ್ಚ್‌ವರೆಗೆ ಒಂದು ಕಿಲೋಮೀಟರು, ಸ್ಕೀ ಮೇಲೆ."

"ನಾನು ಸ್ಕೀ ಮೇಲೆ ನಿಂತಿದ್ದು ಯಾವತ್ತು ನೋಡಿದ್ದೀಯ?"

"ನಿಂತಿದ್ದು ನೋಡಿಲ್ಲ. ಬಿದ್ದಿದ್ದು ಬೇಕಾದಷ್ಟು ನೋಡಿದೀನಿ. ಎರಡು ತಿಂಗಳಿದೆ, ಕಲಿ."

ಕಲಿತೆ. ಕೊಟ್ಟಿಗೆಯ ಹಿಂದಿನ ಹೊಲದಲ್ಲಿ ದಿನವೂ ಬಿದ್ದೆ. ಜನವರಿ ಮುಗಿಯುವ ಹೊತ್ತಿಗೆ ಒಂದು ಕಿಲೋಮೀಟರು ಬೀಳದೆ ಹೋಗಬಲ್ಲವನಾದೆ, ಜೊತೆಗೆ ಸಹಿಸಲಾಗದಷ್ಟು ಜಂಬವೂ ಬಂತು. ಕ್ರೀಡಾಕೂಟದವರು ಕಳಿಸಿದ ಬಿಳಿ ಉಡುಪನ್ನು ತೊಟ್ಟು ಕನ್ನಡಿಯ ಮುಂದೆ ಅಡುಗೆಯ ಸೌಟನ್ನು ಎತ್ತಿ ಹಿಡಿದು ನೋಡಿಕೊಳ್ಳುತ್ತಿದ್ದೆ.

ಜ್ಯೋತಿ ಬರುವ ದಿನ ಬೆಳಗಿನ ಜಾವ ಹಿಮ ಚೆನ್ನಾಗಿ ಬಿದ್ದಿತ್ತು. ಸ್ಕೀ ಜಾರಲೆಂದು ಸೇತುವೆಯಿಂದ ಚರ್ಚ್ ದಾಟಿ ಮರ ಕೊಯ್ಯುವ ಮಿಲ್ಲಿನವರೆಗೆ ನಾಲ್ಕು ಬೆರಳು ಹಿಮ ಬಿಡಬೇಕೆಂದು ರಸ್ತೆ ಇಲಾಖೆಯ ಆದೇಶವಿತ್ತು. ಬೇರೆ ಚಾಲಕನನ್ನು ಕಳಿಸುತ್ತೇವೆ ಎಂದರೆ ನಾನು ಒಪ್ಪಿರಲಿಲ್ಲ. ನನ್ನ ರಸ್ತೆಯನ್ನು ಇನ್ನೊಬ್ಬ ಮುಟ್ಟುವುದೇ? ಲಾರಿ ಓಡಿಸುತ್ತ ಟಿವಿಯವರ ಪ್ರಶ್ನೆಗೆ ಏನು ಉತ್ತರ ಕೊಡಲಿ ಎಂದು ಯೋಚಿಸುತ್ತಿದ್ದೆ. ಮಿಲ್ಲು ದಾಟಿದ ಮೇಲೆ ಕನ್ನಡಿಯಲ್ಲಿ ನೋಡಿದೆ. ಹಿಂದೆ ಡಾಂಬರು ಕರ್ರಗೆ ಹೊಳೆಯುತ್ತಿತ್ತು. ಯಾರೂ ಜಾರದಿರಲೆಂದು ಅಭ್ಯಾಸಬಲದಿಂದ ಜಲ್ಲಿಪುಡಿಯನ್ನೂ ಉದುರಿಸಿದ್ದೆ.

ಮಧ್ಯಾಹ್ನ ಸೇತುವೆಯ ಬಳಿ ಪಂಜು ನನ್ನ ಕೈಗೆ ಬಂತು. ಜ್ಯೋತಿಯ ಜೊತೆ ಬಂದಿದ್ದ ವ್ಯವಸ್ಥಾಪಕ ಕಾರಿನಿಂದ ಇಳಿದ.

"ಹಿಮ ಎಲ್ಲಿ?"

"ಅಂಚಿನಲ್ಲಿದೆ," ಎಂದೆ.

"ಯಾರ ಕೆಲಸ ಇದು?"

ನಾನು ಜ್ಯೋತಿಯನ್ನೇ ಭಕ್ತಿಯಿಂದ ನೋಡುತ್ತ ನಿಂತೆ. ಜನರ ನಡುವಿನಿಂದ ಹಾಲ್ದಿಸ್ ಕೂಗಿದಳು: "ಅವನದೇ! ಇಷ್ಟು ಚೊಕ್ಕವಾಗಿ ಇನ್ಯಾರು ಮಾಡ್ತಾರೆ?"

ಸ್ಕೀಗಳನ್ನು ಸೌದೆಯ ಹಾಗೆ ಹೆಗಲಿಗೇರಿಸಿ ನಡೆದೆ. ಜಯಕಾರ ಹಾಕಲು ಬಂದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ತಲೆ ತಗ್ಗಿಸಿ ನಡೆದೇ ನಡೆದೆ. ಚರ್ಚ್ ಇನ್ನು ನೂರು ಮೀಟರಿದೆ ಎನ್ನುವಾಗ ತಲೆ ಎತ್ತಿದರೆ, ಇಪ್ಪತ್ತು ಮೂವತ್ತು ಜನ ಸಲಿಕೆ ಹಿಡಿದು ಅಂಚಿನ ಹಿಮವನ್ನು ರಸ್ತೆಗೆ ಎಸೆಯುತ್ತಿದ್ದರು. ಅವರ ಮುಂದಾಳು, ನನ್ನಿಂದ ಜ್ಯೋತಿ ಪಡೆಯಬೇಕಿದ್ದ ಓಸ್ಲೌಗ್. ಎಪ್ಪತ್ತನಾಲ್ಕು ವರ್ಷದ ಆಕೆ ಟೆಲಿಫೋನ್ ಕಚೇರಿಯಲ್ಲಿ ದುಡಿದು ನಿವೃತ್ತಳಾದವಳು.

"ಏನು ನೋಡ್ತಾ ನಿಂತೆ? ಸ್ಕೀ ಹಾಕ್ಕೋ ಮಾರಾಯ! ಕೈ ಬಿದ್ದುಹೋಗ್ತಿದೆ ನಮಗೆ!"

ಹಿಂದೆಯೇ ನಡೆದು ಬಂದಿದ್ದ ಹಾಲ್ದಿಸ್ ಪಂಜನ್ನು ಹಿಡಿದುಕೊಂಡಳು. ನಾನು ಬಗ್ಗಿ ಸ್ಕೀ ಹಾಕಿಕೊಂಡೆ. ಇಷ್ಟು ವರ್ಷ ಇವರ ಬಾಗಿಲಿನಿಂದ ನಾನು ದೂರ ತಳ್ಳಿದ್ದ ಹಿಮವನ್ನು ಇವರು ನನಗಾಗಿ ವಾಪಸು ತರುತ್ತಿದ್ದರು. ಕಣ್ಣು ಮಂಜಾಯಿತು. ಹೊಗೆಯಿಂದ ಎಂದು ಎಲ್ಲರಿಗೂ ಹೇಳಿದ್ದೇನೆ. ನೂರು ಮೀಟರು, ಒಮ್ಮೆಯೂ ಬೀಳಲಿಲ್ಲ.

ಅಷ್ಟರಲ್ಲಿ ಸ್ಕೀ ಹಾಕಿಕೊಂಡಿದ್ದ ಓಸ್ಲೌಗ್ ತನ್ನ ಪಂಜು ಹೊತ್ತಿಸಿಕೊಂಡು ಹತ್ತಿರ ಬಾಗಿದಳು.

"ಮಿಲ್ಲಿನ ತನಕ ನನ್ನ ದಾರಿ ಹೇಗಿದೆ?"

"ಅದೂ ಬೋಳೇ, ಓಸ್ಲೌಗ್."

 ಆಕೆ ತನ್ನ ಸ್ಕೀ ಕಳಚಿ ನನ್ನ ತೋಳಿಗೆ ತುರುಕಿ, ಪಂಜು ಎತ್ತಿ ಬಿರಬಿರನೆ ನಡೆದುಬಿಟ್ಟಳು. ಎರಡು ಜೊತೆ ಸ್ಕೀ ಹೊತ್ತು ನಾನು ಏದುಸಿರು ಬಿಡುತ್ತ ಹಿಂದೆ ಓಡಿದೆ.